ನೀರು ಮುಟ್ಟದ ಜಮಾದಾರ

ಮೊನ್ನೆ ಮಹಾಲಿಂಗಪುರದಲ್ಲಿ ಪರಿಚಯದವರೊಬ್ಬರ ಸೊಸೆಯ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹೋಗಿದ್ದೆ. ಬಸ್ಸಿಳಿದು ಬಿಸಿಲಲ್ಲಿ ನಡೆದು ಮನೆ ಮುಟ್ಟಿದೊಡನೆ ಆ ಮನೆಯ ಯಜಮಾನತಿ, ನಮ್ಮ ಕಡೆಯ ರೂಢಿಯಂತೆ, ಒಂದು ತುಂಡು ಬೆಲ್ಲ ಮತ್ತು ಒಂದು ತಂಬಿಗೆ ನೀರು ತಂದು ಮುಂದಿಟ್ಟರು. ಬೆಲ್ಲ ಬಾಯಿಗೆ ಹಾಕಿಕೊಂಡೆ. ತಂಬಿಗೆ ಎತ್ತಿದೆ. ತುಟಿಗೆ ಹೋಗಬೇಕಾದ ತಂಬಿಗೆ ತಾನೇ ದಾರಿ ತಪ್ಪಿ ಮೂಗಿನ ಹತ್ತಿರ ಬಂದು ನಿಂತಿತು. ನಾನು ಮೂಸಿಯೇಬಿಟ್ಟೆ.

ಯಜಮಾನತಿಯ ಮುಖ ಸಣ್ಣದಾಯಿತು. "ಯಾಕ್ರಿ ಅಕ್ಕಾರ, ನೀರ ವಾಸನಿ ಬರಾಕತ್ತಾವೇನ್ರಿ?" ಎಂದರು.

"ಛೇ, ಇಲ್ರಿ. ಲಾವಂಚದ ಬೇರು ಹಾಕೀರೇನೋ ಅಂತ ನೋಡಿದೆ" ಎಂದು ಸುಳ್ಳು ಹೇಳಿದೆ. ನೀರಿಗೆ ಯಾವ ವಾಸನೆಯೂ ಇರಲಿಲ್ಲ. ಊಟಕ್ಕೆ ಕುಳಿತಾಗ ಎಲ್ಲರ ಹೋಳಿಗೆಯ ಮೇಲೂ ತುಪ್ಪ ಬಿತ್ತು, ನನ್ನ ಸಾಲಿಗೆ ಬರುವಷ್ಟರಲ್ಲಿ ತುಪ್ಪದ ಗಿಂಡಿ ಒಳಗೆ ಹೋಯಿತು. ತುಪ್ಪ ನಿಜವಾಗಿಯೂ ತೀರಿತ್ತೋ, ಇಲ್ಲ ನನ್ನ ಮೂಗಿಗೆ ಕೊಟ್ಟ ಶಿಕ್ಷೆಯೋ, ಇವತ್ತಿಗೂ ನನಗೆ ಸಂಶಯವಿದೆ.

ಈ ಸಂಶಯ ನಾನು ಸಂಪಾದಿಸಿದ್ದಲ್ಲ, ಅಪ್ಪನಿಂದ ಬಂದದ್ದು. ಬೇರೆಯವರಿಗೆ ಅಪ್ಪನಿಂದ ಹೊಲ ಬರುತ್ತದೆ, ಮನೆ ಬರುತ್ತದೆ. ನನಗೆ ಮೂಗು ಬಂತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅನ್ನುತ್ತಾರಲ್ಲ, ನೆಗಡಿ ಬಂದರೂ ಹೋಗುವುದಿಲ್ಲ ಅಂತ ನಾನು ಸೇರಿಸುತ್ತೇನೆ.

ಅಪ್ಪ ಜಮಖಂಡಿಯಲ್ಲಿ ದಾರೂಬಂದಿ ಖಾತೆಯ, ಅಂದರೆ ಕಳ್ಳ ಸಾರಾಯಿ ಹಿಡಿಯುವ ಖಾತೆಯ, ಜಮಾದಾರ. ಈ ಮಾತು ಹೇಳುವಾಗ ನನಗೆ ನಗು ಬರುತ್ತದೆ. ಯಾಕೆಂದರೆ ಸಂಸ್ಥಾನದ ಕಾಲದಲ್ಲಿ ಅದೇ ಅಪ್ಪ ಅಬಕಾರಿ ಖಾತೆಯಲ್ಲಿದ್ದ. ಗುತ್ತಿಗೆ ಹಿಡಿದವರು ಅಂಗಡಿಯಲ್ಲಿ ಸರಿಯಾದ ಮಾಲು ಮಾರುತ್ತಾರೋ, ನೀರು ಬೆರೆಸುತ್ತಾರೋ ನೋಡುವುದು ಅವನ ಕೆಲಸ. ಸಂಸ್ಥಾನ ಹೋಗಿ ನಾವೆಲ್ಲ ಮುಂಬಯಿ ಸರಕಾರದವರಾದೆವು. ಮುಂಬಯಿ ಸರಕಾರ ದಾರೂಬಂದಿ ತಂದಿತು. ನಿನ್ನೆಯವರೆಗೆ ದಾರೂನಲ್ಲಿ ನೀರು ಹುಡುಕುತ್ತಿದ್ದ ಮನುಷ್ಯ ಇವತ್ತಿನಿಂದ ನೀರಿನಲ್ಲಿ ದಾರೂ ಹುಡುಕಬೇಕಾಯಿತು. ಮೂಗು ಅದೇ, ಸೊಂಟದ ಪಟ್ಟಾ ಮಾತ್ರ ಹೊಸದು. ಮೊದಲು ಆ ಮೂಗಿಗೆ ಜಮಖಂಡಿಯ ಗಡಿ ಇತ್ತು. ಮುಧೋಳ ಬೇರೆ ರಾಜರದು, ಬೀಳಗಿ ಇಂಗ್ರೇಜರದು, ಅಲ್ಲಿ ಯಾರು ಏನು ಕುಡಿದರೂ ಅಪ್ಪನಿಗೆ ಸಂಬಂಧವಿರಲಿಲ್ಲ. ಈಗ ಗಡಿಗಳೆಲ್ಲ ಅಳಿಸಿಹೋಗಿ ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಲ್ಲವೂ ಅಪ್ಪನ ಮೂಗಿನ ಕೆಳಗೆ ಬಂದವು.

ತಮಾಷೆಯೆಂದರೆ ಅಪ್ಪ ಜನ್ಮದಲ್ಲಿ ಒಂದು ಹನಿ ಬಾಯಿಗೆ ಹಾಕಿದವನಲ್ಲ. ಆದರೆ ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಜನ ನಂಬುವುದಿಲ್ಲವಲ್ಲ. ಅಪ್ಪನದಂತೂ ಈಚಲ ಮರದ ಕೆಳಗೇ ನೌಕರಿ. "ಜಮಾದಾರ ಹಿಡದದ್ದೆಲ್ಲಾ ಚೆಲ್ಲತಾನಂತೇನ?" ಎಂದು ಬಾವಿಯ ಕಟ್ಟೆಯ ಮೇಲೆ ಹೆಂಗಸರು ಅವ್ವನನ್ನು ಕೇಳುತ್ತಿದ್ದರು. ಅಪ್ಪ ಊರನ್ನು ನಂಬುತ್ತಿರಲಿಲ್ಲ, ಊರು ಅಪ್ಪನನ್ನು ನಂಬುತ್ತಿರಲಿಲ್ಲ. ಈ ಎರಡರ ನಡುವೆ ನಾವು ಬೆಳೆದೆವು.

ಮನೆಯಲ್ಲೂ ಅವನ ಮೂಗಿಗೆ ರಜೆ ಇರಲಿಲ್ಲ. ನಾವು ಆಟ ಮುಗಿಸಿ ಒಳಗೆ ಬಂದರೆ ಹೊಸ್ತಿಲಲ್ಲೇ ನಿಲ್ಲಿಸಿ "ಹಾ ಅನ್ನು" ಅನ್ನುತ್ತಿದ್ದ. ಬಾಯಿ ತೆರೆದು ಹಾ ಅನ್ನಬೇಕು. ಯಾರ ಗಿಡದ ಹುಣಸೆ, ಯಾರ ಭರಣಿಯ ಉಪ್ಪಿನಕಾಯಿ, ಎಲ್ಲವೂ ಅಲ್ಲಿಯೇ ಬಯಲಾಗುತ್ತಿತ್ತು. ಉಳಿದ ಮಕ್ಕಳು ಅಪ್ಪನ ಕೈಗೆ ಹೆದರುತ್ತಿದ್ದರು, ನಾವು ಮೂಗಿಗೆ ಹೆದರುತ್ತಿದ್ದೆವು.

ಒಮ್ಮೆ ಬೇಸಿಗೆಯಲ್ಲಿ ಅವ್ವ ಜೋಳದ ಅಂಬಲಿ ಕಾಸಿ ಗಡಿಗೆಯಲ್ಲಿ ಇಟ್ಟಿದ್ದಳು. ಬಿಸಿಲಿಗೆ ಅದು ಜರ ಹೆಚ್ಚೇ ಹುಳಿ ಬಂದಿತ್ತು. ಅಪ್ಪ ಮನೆಗೆ ಬಂದವನು ಟೊಪ್ಪಿಗೆ ತೆಗೆಯದೆ ನಿಂತಲ್ಲೇ ಗಾಳಿ ಎಳೆದುಕೊಂಡ. ಸೀದಾ ಅಡುಗೆಮನೆಗೆ ಹೋಗಿ ಗಡಿಗೆಯ ಮುಚ್ಚಳ ತೆಗೆದ.

"ಇದೇನಿದು?"

"ಅಂಬಲಿರಿ. ದಿನಾ ಕುಡಿಯೂದಿಲ್ಲೇನು?" ಎಂದಳು ಅವ್ವ.

"ದಿನಾ ಹಿಂಗ ವಾಸನಿ ಬರೂದಿಲ್ಲ."

"ದಿನಾ ನೀವು ಹಿಂಗ ಮೂಸೂದಿಲ್ಲ. ಪಂಚನಾಮಾ ಮಾಡಸ್ತೀರೇನು ನಂದು?"

ಅಪ್ಪ ಗಡಿಗೆ ಎತ್ತಿಕೊಂಡು ಹೋಗಿ ಹಿತ್ತಲಲ್ಲಿ ಸುರುವಿದ. "ಜಮಾದಾರನ ಮನ್ಯಾಗ ಇಂಥಾ ವಾಸನಿ ಬಂದ್ರ ಮಂದಿ ಏನಂತಾರ?" ಎಂದ. ಮಂದಿ ಏನೂ ಅನ್ನಲಿಲ್ಲ, ಅವ್ವ ಅಂದಳು. ಆ ವಾರವೆಲ್ಲ ಅಪ್ಪನಿಗೆ ಒಣ ರೊಟ್ಟಿ, ಒಣ ಚಟ್ನಿ.

ಇಷ್ಟೇ ಆಗಿದ್ದರೆ ಅಪ್ಪನನ್ನು ಬರೀ ಮೂಗಿನ ಮನುಷ್ಯ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಊರವರು ಇಟ್ಟ ಹೆಸರು ಬೇರೆ, 'ನೀರು ಮುಟ್ಟದ ಜಮಾದಾರ'. ಆ ಹೆಸರಿಗೆ ಕಾರಣವಾದ ದಿನ ನನಗೆ ನೆನಪಿದೆ, ಯಾಕೆಂದರೆ ಅವತ್ತು ರಾತ್ರಿ ಅಪ್ಪ ಉಣ್ಣಲಿಲ್ಲ.

ದಾರೂಬಂದಿಯ ಹೊಸತು. ಬೀಳಗಿಯ ಕಡೆ ಒಂದು ಹಳ್ಳಿಯಲ್ಲಿ ಒಂದು ಮನೆಯ ಮೇಲೆ ಸಂಶಯವಿತ್ತು. ಅಪ್ಪ ಸಿಪಾಯಿಯನ್ನು ಕರೆದುಕೊಂಡು ಝಡತಿ ಮಾಡಲು, ಅಂದರೆ ಮನೆ ತಪಾಸು ಮಾಡಲು ಹೋದ. ಬಾಗಿಲಲ್ಲಿ ಒಬ್ಬ ಮುದುಕಿ. "ಬಾರೋ ಯಪ್ಪಾ, ಎಂಥಾ ಬಿಸಲಾಗ ಬಂದೀ" ಎಂದು ಬೆಲ್ಲ, ನೀರು ತಂದಿಟ್ಟಳು. ಮನೆಗೆ ಬಂದವರಿಗೆ ಕೊಡುವುದು ರೂಢಿ, ಬೇಡ ಅನ್ನದಿರುವುದೂ ರೂಢಿ. ಅಪ್ಪ ಬೆಲ್ಲ ತಿಂದ, ನೀರು ಕುಡಿದ, ಮೀಸೆ ಒರೆಸಿಕೊಂಡು ತಪಾಸಿಗೆ ಎದ್ದ. ಮುದುಕಿ ಗಲ್ಲಕ್ಕೆ ಕೈ ಹಚ್ಚಿ ನಿಂತಳು.

"ನನ್ನ ಬೆಲ್ಲ ಇನ್ನಾ ನಿನ್ನ ಗಂಟಲದಾಗ ಐತಿ. ನನ್ನ ಗಡಿಗಿಗೆ ಕೈ ಹಚ್ಚತೀಯೇನೋ ತಮ್ಮಾ?"

ಹಿತ್ತಲ ತಿಪ್ಪೆಯಿಂದ ದಾರೂ ವಾಸನೆ ಬರುತ್ತಿತ್ತು. ಸಿಪಾಯಿಗೂ ಬರುತ್ತಿತ್ತು. ಆದರೆ ಉಂಡ ಮನೆಗೆ ಎರಡು ಬಗೆಯುವುದು ಹೇಗೆ? ಅಪ್ಪ ಬರಿಗೈಯಲ್ಲಿ ತಿರುಗಿ ಬಂದ. ಸುದ್ದಿ ಬಸ್ಸಿಗಿಂತ ಮುಂಚೆ ಓಡಿತು. ಅಲ್ಲಿಂದ ಮುಂದೆ ಯಾವ ಊರಿಗೆ ಹೋದರೂ ಅಪ್ಪನ ಟೊಪ್ಪಿಗೆ ಕಂಡದ್ದೇ ತಡ, ಕೆಲವು ಮನೆಗಳಿಂದ ಹೆಂಗಸರು ಬೆಲ್ಲ ಹಿಡಿದುಕೊಂಡು ಓಡಿ ಬರತೊಡಗಿದರು. ಪಾಪ, ಕೆಲವರು ನಿಜವಾದ ಅಕ್ಕರೆಯಿಂದಲೂ ಬರುತ್ತಿದ್ದರು. ಯಾರದು ಅಕ್ಕರೆ, ಯಾರದು ಹೂಟ, ಮೂಗಿಗೆ ಗೊತ್ತಾಗುವ ವಿಷಯವಲ್ಲ. ಅಪ್ಪ ಒಂದೇ ಕಾಯದೆ ಮಾಡಿಕೊಂಡ. ಸೊಂಟದಲ್ಲಿ ಸರಕಾರದ ಪಟ್ಟಾ ಇರುವವರೆಗೆ ತನ್ನ ಹದ್ದಿನ ಊರುಗಳಲ್ಲಿ ಯಾರ ಮನೆಯ ಬೆಲ್ಲ-ನೀರೂ ಮುಟ್ಟುವುದಿಲ್ಲ. ಮನೆಯಿಂದಲೇ ತಂಬಿಗೆಗೆ ಅರಿವೆ ಬಿಗಿದು ನೀರು ಒಯ್ಯುತ್ತಿದ್ದ. ಊರ ಹೊರಗಿನ ಬೇವಿನ ಗಿಡದ ಕೆಳಗೆ ಕುಳಿತು ಅದನ್ನೇ ಕುಡಿಯುತ್ತಿದ್ದ.

ಕಾರಣ ಯಾರಿಗೂ ಹೇಳಲಿಲ್ಲ. ಜನ ತಾವೇ ಕಾರಣ ಹುಡುಕಿಕೊಂಡರು. ಜಾತಿ ನೋಡುತ್ತಾನೆ ಅಂದರು ಕೆಲವರು. ಸೊಕ್ಕು ಅಂದರು ಕೆಲವರು. ವಿಷಕ್ಕೆ ಹೆದರುತ್ತಾನೆ, ಅಂದಮೇಲೆ ಏನೋ ಪಾಪ ಮಾಡಿರಬೇಕು ಅಂದವರೂ ಇದ್ದರು. ನೀವು ಬಿಸಿಲು ನಾಡಿನವರಲ್ಲದಿದ್ದರೆ ಇದರ ತೂಕ ತಿಳಿಯಲಿಕ್ಕಿಲ್ಲ. ನಮ್ಮಲ್ಲಿ ಊಟ ಬೇಡ ಅಂದರೆ ಹೊಟ್ಟೆ ತುಂಬಿರಬೇಕು ಅನ್ನುತ್ತಾರೆ, ನೀರು ಬೇಡ ಅಂದರೆ ಮನಸ್ಸು ಕೆಟ್ಟಿದೆ ಅನ್ನುತ್ತಾರೆ.

ಇಂಥ ಅಪ್ಪನ ಮಗಳಿಗೆ ವರ ಸಿಗುವುದು ಸುಲಭವೇ? ಕೊನೆಗೆ ಬನಹಟ್ಟಿಯ ನೇಕಾರರ ಮನೆಯಿಂದ, ನಮ್ಮ ಪೈಕಿಯವರೇ, ನನ್ನನ್ನು ನೋಡಲು ಬಂದರು. ಎಲ್ಲರೂ ಹುಡುಗಿಯನ್ನು ನೋಡುತ್ತಿದ್ದರೆ ಅಪ್ಪ ಹುಡುಗನ ಕಡೆಗೆ ಜಮಖಾನೆಯ ಮೇಲೆ ಇಷ್ಟಿಷ್ಟೇ ಸರಿಯುತ್ತಿದ್ದ. ಸರಿದು ಸರಿದು ಮೊಣಕಾಲಿಗೆ ಮೊಣಕಾಲು ತಾಗಿತು. ಅವ್ವ ಒಳಗಿನಿಂದ ಬಳೆ ಸಪ್ಪಳ ಮಾಡಿ ಎಚ್ಚರಿಸಿದರೂ ಉಪಯೋಗವಾಗಲಿಲ್ಲ.

"ಯಾಲಕ್ಕಿ ತಿಂದೀರಿ" ಎಂದ ಅಪ್ಪ.

ಹುಡುಗ ಬೆವೆತ. "ಹೌದ್ರಿ."

"ಮುಂಜ್ಮುಂಜಾನೆ ಯಾಲಕ್ಕಿ ಯಾಕ ತಿಂದ್ರಿ?"

ಬಾಯಿಯ ವಾಸನೆ ಮುಚ್ಚಲು ಜನ ಏಲಕ್ಕಿ ತಿನ್ನುತ್ತಾರೆ ಎಂಬುದು ಅಪ್ಪನ ನೌಕರಿಯ ಮೊದಲ ಪಾಠ. ಹೆಣ್ಣು ನೋಡಲು ಹೋಗುವಾಗ ಬಾಯಿ ಒಣಗುತ್ತದೆಂದು ಹುಡುಗನ ತಾಯಿಯೇ ಕೊಟ್ಟಿದ್ದಳಂತೆ. ಅಪ್ಪ ನಂಬಲಿಲ್ಲ. ಆಮೇಲೆ ಸಂತೆಯ ದಿನ, ಹಬ್ಬದ ದಿನ, ಹೊತ್ತಲ್ಲದ ಹೊತ್ತಿನಲ್ಲಿ ಬನಹಟ್ಟಿಗೆ ಹೋಗಿ ಹುಡುಗನ ಮಗ್ಗದ ಹತ್ತಿರ ನಿಂತು ಗಾಳಿ ಎಳೆದುಕೊಂಡು ಬಂದ. ಕೊನೆಗೆ ಒಂದು ದಿನ ಅವ್ವನಿಗೆ "ಹುಡುಗನ ಕಡೆ ನೂಲಿನ ವಾಸನಿ ಬಿಟ್ರ ಏನೂ ಇಲ್ಲ. ಕೊಡೂಣು" ಎಂದ. ಆ ಹುಡುಗ ಈಗಲೂ ನನ್ನ ಗಂಡ, ಈಗಲೂ ಏಲಕ್ಕಿ ಮುಟ್ಟುವುದಿಲ್ಲ.

ಮದುವೆಯಾಗಿ ಬನಹಟ್ಟಿಗೆ ಬಂದೆ. ಬನಹಟ್ಟಿಯೂ ಅಪ್ಪನ ಹದ್ದೇ. ಇದು ನನಗೆ ಹೊಳೆದದ್ದು ಅಪ್ಪ ಮೊದಲ ಸಲ ನನ್ನನ್ನು ನೋಡಲು ಬಂದಾಗ. ಓಣಿಯ ಕಡೆಗಿರುವ ಕಟ್ಟೆಯ ಮೇಲೆ ಕುಳಿತ. ನಾನು ಹೊಸ ಸೀರೆಯ ಸೆರಗು ಹೊದ್ದು, ಹೊಸ ಮನೆಯ ತಂಬಿಗೆಯಲ್ಲಿ ನೀರು ತಂದೆ. ಅಪ್ಪ ನೀರನ್ನು ನೋಡಿದ, ನನ್ನನ್ನು ನೋಡಿದ, "ಇರ್ಲಿ ಇಡವ್ವಾ" ಎಂದ. ಮುಟ್ಟಲಿಲ್ಲ. ಒಳಗೆ ಅತ್ತೆ "ನಿಮ್ಮಪ್ಪಗ ನಮ್ಮ ಮನಿ ನೀರ ಸೇರೂದಿಲ್ಲೇನು?" ಎಂದರು. ಮಗಳ ಮನೆಯಲ್ಲಿ ಉಣ್ಣದವರು ಉಂಟು, ಆದರೆ ನೀರು? ನಾನು ಏನು ಹೇಳಲಿ? ನಿಮ್ಮ ಮೇಲೆ ನಾಳೆ ಝಡತಿ ಬಂದರೂ ಬರಬಹುದು, ಅದಕ್ಕೆ ಅಂತ ಹೇಳಲೇ?

ಝಡತಿ ಬಂದೇಬಿಟ್ಟಿತು. ನಮ್ಮ ಮನೆಯ ಸೀರೆಗೆ ಪೇಟೆಯಲ್ಲಿ ಒಳ್ಳೆಯ ಹೆಸರಿತ್ತು. ಹೊಟ್ಟೆಯುರಿಯುವವರು ಯಾರೋ ಚಾಡಿ ಹೇಳಿದರು. ಜಮಾದಾರನ ಬೀಗರ ಮನೆಯಲ್ಲಿ ಗಡಿಗೆಗಳಿವೆ, ಹುಳಿ ವಾಸನೆ ಬರುತ್ತದೆ, ಜಮಾದಾರ ಕಣ್ಣು ಮುಚ್ಚಿಕೊಂಡಿದ್ದಾನೆ ಅಂತ. ಗಡಿಗೆ ಇದ್ದದ್ದು ನಿಜ, ಹುಳಿ ವಾಸನೆಯೂ ನಿಜ. ಮಗ್ಗಕ್ಕೆ ಏರಿಸುವ ನೂಲಿಗೆ ಹಚ್ಚುವ ಗಂಜಿ ಅದು. ಆದರೆ ಚಾಡಿಗೆ ಅಷ್ಟು ಸಾಕು.

ಒಂದು ಮಧ್ಯಾಹ್ನ ಅಪ್ಪ ಟೊಪ್ಪಿಗೆ, ಪಟ್ಟಾ ಹಾಕಿಕೊಂಡು ಸಿಪಾಯಿಯ ಜೊತೆ ಓಣಿಯ ತುದಿಯಲ್ಲಿ ಕಂಡ. ಓಣಿಯ ಮಗ್ಗಗಳು ಒಂದೊಂದಾಗಿ ನಿಂತವು. ಎಲ್ಲರೂ ಬಾಗಿಲಿಗೆ ಬಂದರು. ನಾನು, ಎಲ್ಲಿಲ್ಲದ ಮಗಳು, ಒಳಗೆ ಓಡಿ ಬೆಲ್ಲ, ನೀರು ತಂದೆ. ಅಪ್ಪನ ಕಾಯದೆ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಇವತ್ತೊಂದು ದಿನ ಕುಡಿದು, ನನ್ನ ಬೆಲ್ಲದ ಮಾತಿಗಾದರೂ ಹಾಗೇ ತಿರುಗಿ ಹೋಗಲಿ ಅನ್ನುವ ಆಸೆ. ಬೀಳಗಿಯ ಮುದುಕಿಗೂ ನನಗೂ ಏನೂ ಫರಕು ಇರಲಿಲ್ಲ.

"ತಂಗೀ, ಒಳಗ ಇಡು ಅದನ್ನ" ಎಂದ ಅಪ್ಪ. ದನಿಯಲ್ಲಿ ಅಪ್ಪ ಇರಲಿಲ್ಲ, ಜಮಾದಾರನೇ ಇದ್ದ.

ಹಿತ್ತಲು ನೋಡಿದ, ಒಲೆಯ ಬೂದಿ ನೋಡಿದ, ಕಟ್ಟಿಗೆಯ ರಾಶಿ ಸರಿಸಿ ನೋಡಿದ. ಮಗ್ಗದ ತಗ್ಗಿನಿಂದ ನನ್ನ ಗಂಡನನ್ನು ಎಬ್ಬಿಸಿ ತಗ್ಗಿಗೂ ಇಳಿದ. ಗಂಜಿಯ ಗಡಿಗೆಯಲ್ಲಿ ಮುಖ ಇಟ್ಟ. ಎತ್ತಿದಾಗ ಮೂಗಿನ ತುದಿಗೆ ಗಂಜಿ ಹತ್ತಿತ್ತು, ನಗಲು ಯಾರಿಗೂ ಧೈರ್ಯವಾಗಲಿಲ್ಲ. "ಗಂಜಿ" ಎಂದ. ಅಷ್ಟಕ್ಕೇ ಬಿಡಲಿಲ್ಲ. ಸಿಪಾಯಿಗೆ "ನಾ ಒಬ್ಬಾಂವ ನೋಡಿದ್ರ ನಡಿಯೂದಿಲ್ಲ. ನನ್ನ ಮಗಳ ಮನಿ ಇದು. ನೀನೂ ಮೂಸು" ಎಂದ. ಸಿಪಾಯಿ ಮೂಸಿದ. ಆಮೇಲೆ ಓಣಿಯ ಇಬ್ಬರು ಹಿರಿಯರನ್ನು ಕರೆದು ಅವರಿಂದಲೂ ಮೂಸಿಸಿದ. ಹೋಗುವಾಗ ನನ್ನ ಕಡೆ ತಿರುಗಿ ನೋಡಲಿಲ್ಲ. ನಾನು ಕಟ್ಟೆಯ ಮೇಲೇ ಬಿಟ್ಟಿದ್ದ ಬೆಲ್ಲಕ್ಕೆ ಇರುವೆ ಮುತ್ತಿದ್ದವು.

ನಾನು ಅತ್ತುಬಿಟ್ಟೆ. ಅತ್ತೆ ಅಡುಗೆಮನೆಯ ಬಾಗಿಲು ಹಾಕಿಕೊಂಡರು. ಮಾವನವರು ಚೆದುರಿದ ಕಟ್ಟಿಗೆಯನ್ನು ಮತ್ತೆ ಒಟ್ಟತೊಡಗಿದರು. ನನ್ನ ಅಪ್ಪ ನನ್ನ ಅಪ್ಪನಲ್ಲವೋ ಏನೋ ಅಂತ ಅವತ್ತು ನನಗೆ ಸಂಶಯ ಬಂತು.

ಸಂಜೆ ನೀರಿಗೆ ಹೋಗದೆ ಇರುವ ಹಾಗಿರಲಿಲ್ಲ. ತಲೆ ತಗ್ಗಿಸಿಕೊಂಡು ಬಾವಿಗೆ ಹೋದೆ. ಅಲ್ಲಿ ಎದುರು ಮನೆಯ ಕಾಶವ್ವ, ಓಣಿಯಲ್ಲಿ ಎಲ್ಲರ ಮೇಲೂ ಸಂಶಯ ಪಡುವುದರಲ್ಲಿ ನನ್ನ ಅಪ್ಪನಿಗೇ ಸರಿಜೋಡಿಯಾದವಳು, ಉಳಿದ ಹೆಂಗಸರಿಗೆ ಹೇಳುತ್ತಿದ್ದಳು. "ನಾ ಕಣ್ಣಾರೆ ನೋಡೀನಿ. ಮಗಳು ಬೆಲ್ಲಾ ತಂದ್ರ ಮುಟ್ಟಲಿಲ್ಲ ಅಂವ. ಒಂದ ಗುಟುಕು ನೀರ ಕುಡದಿದ್ರ ನಾ ಅಂತಿದ್ನಿ, ಬೀಗರು ಬೀಗರು ಒಳಗ ಮುಚ್ಚಿ ಹಾಕ್ಯಾರ ಅಂತ. ನೀರ ಮುಟ್ಟದಂವ ಗಂಜಿ ಅಂದ ಮ್ಯಾಲ ಅದು ಖರೇನ ಗಂಜಿ."

ನನ್ನ ಕೈಯಲ್ಲಿಯ ಹಗ್ಗ ಹಾಗೇ ನಿಂತಿತು. ಅಪ್ಪ ಬಂದದ್ದು ಮನೆಯ ಮರ್ಯಾದೆ ತೆಗೆಯಲು ಅಂತ ನಾನು ಅಳುತ್ತಿದ್ದೆ. ಆ ಮರ್ಯಾದೆ ಕಾಶವ್ವನ ಬಾಯಲ್ಲಿ ಉಳಿಯುವ ಹಾಗೆ ಮಾಡಿ ಹೋಗಿದ್ದ. ನಾನು ಕೊಟ್ಟ ನೀರು ಕುಡಿದಿದ್ದರೆ ನಾವು ಇವತ್ತಿಗೂ ಗಂಜಿಯ ಗಡಿಗೆಯ ಮೇಲೆ ಅರಿವೆ ಮುಚ್ಚಿಕೊಂಡು ಬದುಕಬೇಕಿತ್ತು. ಹದ್ದಿನಲ್ಲಿದ್ದ ಎಲ್ಲ ಮನೆಗಳಲ್ಲಿ ಬಾಯಾರಿ ಉಳಿಸಿಕೊಂಡಿದ್ದ ಹೆಸರನ್ನು ಅಪ್ಪ ಅವತ್ತು ನಮ್ಮ ಮನೆಗೆ ಖರ್ಚು ಮಾಡಿದ್ದ. ಆ ಉಪಕಾರ ನಾನು ಅವನಿಗೆ ಹೇಳಬೇಕಿತ್ತು. ಹೇಳುವುದು ಹೇಗೆ ಅನ್ನುವುದೇ ಮುಂದೆ ದೊಡ್ಡ ಪ್ರಶ್ನೆಯಾಯಿತು.

ಅಪ್ಪ ರಿಟಾಯರ್ ಆದ ದಿನ ನಾನು ಜಮಖಂಡಿಗೆ ಹೋಗಿದ್ದೆ. ಕಚೇರಿಯ ಮುಂದಿನ ಗಿಡದ ಕೆಳಗೆ ಕುರ್ಚಿ ಹಾಕಿದ್ದರು. ಸಾಹೇಬರು ಶಾಲು ಹೊದಿಸಿ, ಹಾರ ಹಾಕಿ, ಮರಾಠಿಯಲ್ಲಿ ಭಾಷಣ ಮಾಡಿದರು. ಅಪ್ಪ ಹಾರವನ್ನೂ ಮೂಸಿದ, ಚಹಾದ ಕಪ್ಪನ್ನೂ ಮೂಸಿದ. ಮನೆಗೆ ಬರುವಾಗ ದಾರಿಯುದ್ದಕ್ಕೂ ಅವನಿಗೆ ಒಂದೇ ಚಿಂತೆ. "ಇಷ್ಟ್ಯಾಕ ಹೊಗಳಿದ್ರು? ಪೆನ್ಶನ್ ಕಾಗದದಾಗ ಏನರ ಎಡವಟ್ಟ ಆಗೇತೇನ?"

ಸಂಜೆ ಪಡಸಾಲೆಯಲ್ಲಿ ಒಬ್ಬನೇ ಕುಳಿತಿದ್ದ. ಪಟ್ಟಾ ಕಚೇರಿಗೆ ತಿರುಗಿ ಕೊಟ್ಟಿದ್ದರಿಂದ ಸೊಂಟ ಎಲ್ಲಿದೆ ಅಂತ ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದ. ಇದೇ ಹೊತ್ತು ಅಂತ ನಾನು ಹೋಗಿ ಕುಳಿತೆ.

"ಅಪ್ಪಾ, ನಿನಗೊಂದ ಮಾತ ಹೇಳೂದೈತಿ."

"ಗಂಡ ಏನರ ಅಂದನೇನು?"

"ಇಲ್ಲಪ್ಪಾ."

"ಅತ್ತಿ?"

"ಯಾರೂ ಏನೂ ಅಂದಿಲ್ಲ. ನಿನ್ನಿಂದ ನನಗ ಬಾಳ ಛಲೋ ಆಗೇತಿ. ನೀ ಇರಲಿಲ್ಲಂದ್ರ..."

ಅಪ್ಪ ನನ್ನ ಮುಖವನ್ನು ಹತ್ತಿರದಿಂದ ನೋಡಿದ. "ಹಾ ಅನ್ನು" ಎಂದ.

ಮಕ್ಕಳ ತಾಯಿ ನಾನು. ಹಾ ಅಂದೆ. ಅವನಿಗೆ ಅವ್ವ ಮಾಡಿದ ಬದನೆಕಾಯಿಯ ವಾಸನೆ ಬಿಟ್ಟು ಬೇರೇನೂ ಸಿಕ್ಕಿರಲಿಕ್ಕಿಲ್ಲ. ಆದರೂ ಸಂಶಯ ಹೋಗಲಿಲ್ಲ. ನಾನು ಬೇರೆ ದಾರಿ ಹಿಡಿದೆ. "ನಾಳೆ ಬನಹಟ್ಟಿಗೆ ಬಾ. ಈಗ ಪಟ್ಟಾ ಇಲ್ಲ, ಹದ್ದಿಲ್ಲ" ಎಂದೆ. ಅಪ್ಪ ಮತ್ತೆ ಸೊಂಟ ಮುಟ್ಟಿ ನೋಡಿಕೊಂಡ. "ನಾ ಅವರ ಒಲಿ ಬೂದಿ ಕೆದರಿ ಬಂದಾಂವ. ಮನಸಿಲ್ಲದವರ ಮನಿ ನೀರ ಕುಡೀಬಾರದವಾ" ಎಂದ.

ಬನಹಟ್ಟಿಯಲ್ಲಿ ಅತ್ತೆಯದು ಬೇರೆಯೇ ಸಂಶಯ. "ಬರ್ಲಿ, ಬ್ಯಾಡನ್ನೂದಿಲ್ಲ. ಆದ್ರ ನನ್ನ ನೀರ ಮೂಸಿ ನೋಡಿದನಂದ್ರ ನಾ ಸುಮ್ನ ಇರಾಂಗಿಲ್ಲ ನೋಡು" ಎಂದು ನನಗೆ ಮೊದಲೇ ಹೇಳಿದ್ದರು. ಹಾರವನ್ನೂ ಬಿಡದ ಮೂಗು ನೀರನ್ನು ಬಿಟ್ಟೀತೇ?

'ಬರ್ಲಿ, ಬ್ಯಾಡನ್ನೂದಿಲ್ಲ' ಎಂಬ ಅರ್ಧ ಮಾತನ್ನಷ್ಟೇ ಮುಟ್ಟಿಸಿ ಅಪ್ಪನನ್ನು ಒಪ್ಪಿಸಿದೆ. ಮರುದಿನ ಅಪ್ಪ ಬಂದ. ಟೊಪ್ಪಿಗೆ ಇಲ್ಲ, ಸಾಹೇಬರು ಹೊದಿಸಿದ ಶಾಲು ಹೆಗಲ ಮೇಲೆ. ಅಭ್ಯಾಸದಂತೆ ಹೊರಗಿನ ಕಟ್ಟೆಯ ಮೇಲೇ ಕುಳಿತ. ಓಣಿಯ ಮಗ್ಗಗಳು ಅವತ್ತಿನ ಹಾಗೆಯೇ ಒಂದೊಂದಾಗಿ ನಿಂತವು. ಎದುರು ಬಾಗಿಲಲ್ಲಿ ಕಾಶವ್ವ ಬಂದು ಕುಳಿತಳು. ಅತ್ತೆ ಹೊಸ್ತಿಲಲ್ಲಿ ನಿಂತು "ಬರ್ರಿ ಬೀಗರ" ಎಂದು ಅಷ್ಟೇ ಅಂದರು. ನನಗೆ ಕಣ್ಸನ್ನೆ ಮಾಡಿದರು. ನಾನು ಒಳಗೆ ಹೋಗಿ ತಾಮ್ರದ ಕೊಡದಿಂದ ತಂಬಿಗೆ ತುಂಬಿಕೊಂಡು, ಬೆಲ್ಲ ತೆಗೆದುಕೊಂಡು ಹೊರಗೆ ಬಂದೆ. ದೇವರೇ, ಮೂಸದಿರಲಿ, ಇವತ್ತೊಂದು ದಿನ ಮೂಸದಿರಲಿ ಅಂದುಕೊಳ್ಳುತ್ತ ಹೊಸ್ತಿಲು ದಾಟಿದೆ. ದಾಟಿದವಳು ಎಲ್ಲರೂ ನೋಡುತ್ತಿರುವಾಗಲೇ ತಂಬಿಗೆ ಎತ್ತಿ ನಾನೇ ಮೂಸಿಬಿಟ್ಟೆ.

ಅತ್ತೆಯ ಕಣ್ಣು ಅಲ್ಲೇ ನಿಂತಿತು. ಕಾಶವ್ವ ಬಾಯಿಗೆ ಸೆರಗು ಹಿಡಿದಳು. ಮಗ್ಗದ ತಗ್ಗಿನಲ್ಲಿ ನನ್ನ ಗಂಡ ಕೆಮ್ಮಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಪ್ಪನ ಕೈ ತಂಬಿಗೆಗಾಗಿ ಅರ್ಧ ಚಾಚಿ ಹಾಗೇ ಇತ್ತು. ಅವನು ನನ್ನ ಮೂಗನ್ನು ನೋಡಿದ. ತನ್ನದೇ ಮೂಗನ್ನು ಬೇರೆಯವರ ಮುಖದ ಮೇಲೆ ಅವನು ಮೊದಲ ಸಲ ನೋಡಿದನೋ ಏನೋ.

"ನೋಡಿದಿ?" ಎಂದ.

"ನೋಡಿದೆ."

"ಏನೈತಿ?"

"ನೀರೈತಪ್ಪಾ" ಎಂದೆ.

"ನೀ ನೋಡೀಯಲ್ಲ, ಸಾಕು. ತಾ."

ಬೆಲ್ಲವನ್ನು ಬಾಯಿಗೆ ಹಾಕಿಕೊಂಡ. ತಂಬಿಗೆಯನ್ನು ಮೂಗಿನ ಹತ್ತಿರ ತರದೆ, ತಲೆ ಹಿಂದಕ್ಕೆ ಚೆಲ್ಲಿ, ಮೇಲಿನಿಂದ ಸುರಿದುಕೊಂಡು ಗಟಗಟ ಕುಡಿದ. ನೀರು ಮೀಸೆಯ ಮೇಲಿಂದ ಇಳಿದು ಸರಕಾರದ ಶಾಲನ್ನು ತೋಯಿಸಿತು. ಖಾಲಿ ತಂಬಿಗೆಯನ್ನು ನನ್ನ ಕಡೆ ಚಾಚಿ "ಇನ್ನೊಂದ ತಂಬಿಗಿ ತಾ" ಎಂದ. ನಾನು ಕೈ ಚಾಚುವ ಮೊದಲೇ ಅತ್ತೆ ತಂಬಿಗೆ ಕಸಿದುಕೊಂಡು ಒಳಗೆ ಹೋದರು. ತಾವೇ ತುಂಬಿ, ತಾವೇ ತಂದು, ನನ್ನ ಮೂಗಿನಿಂದ ದೂರ ಹಿಡಿದು ಅಪ್ಪನ ಕೈಗೆ ಕೊಟ್ಟರು. ಅದನ್ನೂ ಅಪ್ಪ ಹಾಗೇ ಕುಡಿದ.

ಅಪ್ಪನಿಗೆ ಹೇಳಬೇಕೆಂದಿದ್ದ ಮಾತು ಅವತ್ತೂ ನನ್ನ ಬಾಯಿಂದ ಬರಲಿಲ್ಲ, ಆಮೇಲೂ ಬರಲಿಲ್ಲ. ಹೇಳಿದ್ದರೆ ಮತ್ತೆ "ಹಾ ಅನ್ನು" ಅನ್ನುತ್ತಿದ್ದ.